ಹಳ್ಳಿಯೋ ಹಲ್ಲಿಯೋ

ಅಂಧರಿಗೆ ಕನ್ನಡ ಪುಸ್ತಕ ಓದಿಹೇಳುವ ಮುಕ್ತ ತಂತ್ರಾಂಶವೊಂದನ್ನು ವಾರಿಜಾ ಮತ್ತು ಫಣಿರಾಜ ಸೇರಿ ಕಟ್ಟಿದ್ದರು. ಮೂರು ವರ್ಷದಿಂದ ಇಬ್ಬರಿಗೂ ಒಂದೇ ಜಗಳ, ಕೆಲಸ ಮಾತ್ರ ನಿಂತಲ್ಲೇ ನಿಂತಿತ್ತು.

"ಹಳ್ಳಿನ ಹಲ್ಲಿ ಅಂತ ಓದುತ್ತೆ. ಮೊದಲು ಅದನ್ನ ಸರಿಮಾಡೋಣ ಕಣೋ."

"ಆ ಕರ್ಕಶ ದನೀಲಿ ಯಾವುದಾದ್ರೇನು? ಮೊದಲು ಹೊಸ ದನಿ ಬೇಕು."

ವಾದಿಸಿ ವಾದಿಸಿ ವಾರಿಜಾ ಸೋತುಹೋಗಿದ್ದಳು. ಕೊನೆಗೊಂದು ದಿನ, "ಬಳಸೋರನ್ನೇ ಕೇಳಿಬಿಡೋಣ, ಬಾ" ಎಂದು ಅವನನ್ನು ಅಂಧರ ಶಾಲೆಗೆ ಕರೆದೊಯ್ದಳು.

ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಂಡ ಅಂಧ ಮೇಷ್ಟ್ರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು.

"ನಿಮ್ಮದನ್ನ ಬಳಸೋದು ಬಿಟ್ಟು ಎರಡು ವರ್ಷ ಆಯ್ತಲ್ಲಮ್ಮ. ಯಾರು ಬೇಕಾದ್ರೂ ತಿದ್ದಬಹುದು ಅಂತ ನೀವೇ ಬರೆದಿದ್ರಲ್ಲ, ನಮ್ಮ ಹುಡುಗೀರು ಅದರದ್ದೇ ಒಂದು ಪ್ರತಿ ತಗೊಂಡು ಎರಡನ್ನೂ ಮಾಡಿ ಮುಗಿಸಿದ್ರು."