ಸಹಜವಾದ ಅಳು

ಧಾರಾವಾಹಿಯ ನಾಯಕಿಗೆ ದನಿ ಕೊಡುವ ಜಲಜಾ, ಸ್ಟುಡಿಯೋದಿಂದ ಬಂದು ವಠಾರದೊಳಗೆ ಕಾಲಿಡುತ್ತಿದ್ದಂತೆ ಮೊದಲ ಮನೆಯ ಗೌರಮ್ಮ ತಡೆದು ನಿಲ್ಲಿಸಿದರು.

“ನಿನ್ನೆ ಸಂಜೆ ಏನ್ ಚೆನ್ನಾಗಿ ಅಳ್ತಿದ್ದೆ ಕಣೇ! ‘ಹೊಡೀರಿ, ಆದ್ರೆ ಮನೆಯಿಂದ ಆಚೆಗೆ ಹಾಕ್ಬೇಡಿ’ ಅಂದ್ಯಲ್ಲ, ಕರುಳು ಕಿತ್ತು ಬಂತು. ಸೊಸೆ ಅಂದ್ರೆ ಹಾಗಿರ್ಬೇಕು, ಒಂದು ಎದುರು ಮಾತಿಲ್ಲ.”

ಜಲಜಾ ನಕ್ಕಳು.

“ಅದು ನಾನಲ್ಲ ಗೌರಮ್ಮ, ನಿಮ್ಮನೆ ಟೀವೀಲಿ ಬರ್ತಿದ್ದ ಯಾವ್ದೋ ಬೇರೆ ಸೀರಿಯಲ್ಲು. ನಾನೂ ಕಿಟಕಿ ಹತ್ರ ನಿಂತು ಕೇಳಿಸ್ಕೊಂಡೆ. ಇವತ್ತು ಮೈಕಿನ ಮುಂದೆ ಹಾಗೇ ಬಿಕ್ಕಿದೆ ನೋಡಿ, ಡೈರೆಕ್ಟರು ಎದ್ದು ನಿಂತು ಚಪ್ಪಾಳೆ ಹೊಡೆದ್ರು.”

“ನಮ್ಮ ಟೀವಿ ಕೆಟ್ಟು ವಾರ ಆಯ್ತಲ್ಲೇ! ನೀನು ಪ್ರಾಕ್ಟೀಸ್ ಮಾಡ್ತಿದೀಯ ಅಂತ ನಾವೆಲ್ಲ ಜಗಲಿ ಮೇಲೆ ಕೂತು ಕೇಳಿದ್ವಿ.”

ಜಲಜಾಳ ನಗು ಅಲ್ಲೇ ನಿಂತಿತು. ಬೆಳಿಗ್ಗೆಯ ಚಪ್ಪಾಳೆ ಈಗ ಕೆನ್ನೆಗೆ ಬಿದ್ದಂತಾಯಿತು. ಅವರಿಬ್ಬರ ಮನೆಗಳ ನಡುವೆ ಇರುವುದು ಒಂದೇ ಮನೆ, ಹೊಸದಾಗಿ ಮದುವೆಯಾಗಿ ಬಂದವರದು.

ಅದರ ಬಾಗಿಲು ತೆರೆಯಿತು. ಊದಿದ ತುಟಿಗೆ ಸೆರಗು ಒತ್ತಿಕೊಂಡ ಹುಡುಗಿ ಇಬ್ಬರನ್ನೂ ನೋಡಿದಳು.

“ಅಕ್ಕಾ, ನಿನ್ನೆ ನಾನು ಅಷ್ಟು ಕೂಗ್ಕೊಂಡಿದ್ದು ಯಾರಿಗೂ ಕೇಳಿಸ್ಲೇ ಇಲ್ವಾ?”