ಕನ್ನಡಕದೊಳಗಿನ ಅಂಗಡಿ

"ಇದ್ರಲ್ಲೂ ಬರಲ್ವಂತಾ?" ಪೀಠೋಪಕರಣದ ಅಂಗಡಿಯ ಮಾಲೀಕರು ಮತ್ತೆ ಗಡಿಯಾರ ನೋಡಿದರು.

"ಇನ್ನೊಂದು ಬ್ರೌಸರ್ ಇದೆ ಸರ್. ಎರಡೇ ನಿಮಿಷ."

ಅವಳು ಎಂಜಿನಿಯರ್. ದೂರದ ಗ್ರಾಹಕರು ವೆಬ್‌ಸೈಟ್ ತೆರೆದು, ವಿಆರ್ ಕನ್ನಡಕ ಹಾಕಿಕೊಂಡು ಇದೇ ಅಂಗಡಿಯೊಳಗೆ ಓಡಾಡಿದ ಹಾಗೆ ಮಾಡಿಕೊಡುವುದು ಅವಳು ಒಪ್ಪಿಕೊಂಡ ಕೆಲಸ. ಮೂರು ತಿಂಗಳು ಕೂತು ಅಂಗಡಿಯ ಪ್ರತಿರೂಪ ಮಾಡಿದ್ದಳು. ಗೋಡೆಗೆಲ್ಲ ಒಳ್ಳೆಯ ಬಣ್ಣ, ಮೇಜುಗಳಿಗೆ ಹೊಳಪು. ಆದರೆ ಒಂದು ಬ್ರೌಸರ್‌ನಲ್ಲಿ ತೆರೆದದ್ದು ಇನ್ನೊಂದರಲ್ಲಿ ತೆರೆಯದು. ನಿನ್ನೆ ಓಡಿದ್ದು ಇವತ್ತಿನ ಅಪ್‌ಡೇಟ್ ಆದ ಮೇಲೆ ಕೆಟ್ಟು ಕೂತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಪಾಡು. ಇವತ್ತು ಮಾಲೀಕರು ಒಪ್ಪದಿದ್ದರೆ ಕೆಲಸವೇ ರದ್ದು.

ಅಂಗಡಿಯ ನಡುವಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಒಂದರ ಹಿಂದೊಂದು ಪ್ರಶ್ನೆ ಕೇಳಿತು. ಚಲನೆಗೆ ಅನುಮತಿಯೇ? ಕ್ಯಾಮೆರಾಗೆ ಅನುಮತಿಯೇ? ಅವಳು ರೋಸಿಹೋಗಿ ಎಲ್ಲದಕ್ಕೂ ಹೌದು ಎಂದು ಒತ್ತಿದಳು. ಕನ್ನಡಕವನ್ನು ಮಾಲೀಕರ ತಲೆಗೆ ಬಿಗಿದು, ಎಡವಿದರೆ ಹಿಡಿಯಲೆಂದು ಅವರ ಬೆನ್ನ ಹಿಂದೆ ನಿಂತಳು.

"ಅಂಗಡಿ ಕಾಣ್ತಿದ್ಯಾ ಸರ್?"

"ಕಾಣ್ತಿದೆ, ಕಾಣ್ತಿದೆ!"

ಅವಳಿಗೆ ಅಳು ಬರುವಷ್ಟು ಖುಷಿಯಾಯಿತು. ಮಾಲೀಕರು ಒಂದು ಕುರ್ಚಿಗೂ ತಾಕದೆ ಸಲೀಸಾಗಿ ನಡೆದರು. ನನ್ನ ಅಳತೆ ಒಂದಿಂಚೂ ತಪ್ಪಿಲ್ಲ ಎಂದು ಅವಳು ಒಳಗೊಳಗೇ ಬೀಗಿದಳು.

"ಏನಮ್ಮಾ ಇದು, ಗೋಡೆ ಬಿರುಕು ಬಿಟ್ಟಿದೆ?"

ಚಿತ್ರದ ತುಂಡುಗಳು ಸರಿಯಾಗಿ ಕೂಡಿಲ್ಲ ಎಂದು ಅವಳು ಪುಸ್ತಕದಲ್ಲಿ ಬರೆದುಕೊಂಡಳು.

"ಸೋಫಾ ಬೇರೆ ಹರಿದಿದೆ."

ವೆಬ್‌ನಲ್ಲಿ ಚಿತ್ರ ಹರಿಯುವುದು ಮಾಮೂಲು. ತಲೆ ಎತ್ತದೆ ಅದನ್ನೂ ಬರೆದಳು.

"ಕಿಟಕಿ ಮೇಲೆ ಬೆರಳುದ್ದ ಧೂಳು! ಲೈಟು ಮಿಣಮಿಣ ಅಂತಿದೆ!"

"ನೆಟ್ ನಿಧಾನ ಇದ್ರೆ ಬೆಳಕು ಹಾಗೇ ಸರ್. ಸರಿ ಮಾಡ್ತೀನಿ."

"ಏನೂ ಬೇಡ! ಇಂಥ ದರಿದ್ರ ಅಂಗಡಿಗೆ ಯಾರಮ್ಮಾ ಕಾಲಿಡ್ತಾರೆ? ನನ್ನ ಮಾನ ತೆಗೀಬೇಕು ಅಂತಾನೇ ಮಾಡಿದ್ಯಾ? ಸಾಕು, ಇಲ್ಲಿಗೇ ನಿಲ್ಸು."

ಕನ್ನಡಕ ಕಿತ್ತು ಅವಳ ಕೈಗೆ ತುರುಕಿ, ಅತ್ತಿತ್ತ ನೋಡದೆ ದಡದಡನೆ ಒಳಗೆ ಹೋದರು.

ಮೂರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹಾಳು ಬಿರುಕು ಎಲ್ಲಿದೆಯೋ ನೋಡೇಬಿಡೋಣವೆಂದು ಲ್ಯಾಪ್‌ಟಾಪ್ ಕಡೆ ತಿರುಗಿದಳು.

ಪರದೆಯ ಮೇಲೆ ಎರಡೇ ಸಾಲು: "ನಿಮ್ಮ ಅಂಗಡಿಯ ಚಿತ್ರ ಇನ್ನೂ ಲೋಡ್ ಆಗಿಲ್ಲ. ಅಲ್ಲಿಯವರೆಗೆ ಕನ್ನಡಕದ ಕ್ಯಾಮೆರಾ ಎದುರಿಗಿರುವುದನ್ನೇ ತೋರಿಸುತ್ತದೆ."