ಜೂನ್ ತಿಂಗಳ ಕಾಲ್ಬೆರಳು

ಮಗಳ ಕಾಲ್ಚೀಲ ಎಳೆದು ನೋಡಿದ ಸಾತುರ್ನಿನಾಗೆ ದಣಿವಿನಲ್ಲೂ ನಗು ಬಂತು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿದ್ದವು. ಹಿಮಕ್ಕೆ ಹೆಪ್ಪುಗಟ್ಟಿದ ಆಲೂಗಡ್ಡೆಯನ್ನು ಬರಿಗಾಲಲ್ಲಿ ತುಳಿದು, ನೀರು ಹಿಂಡಿ ಒಣಗಿಸುವ ಜೂನ್‌ನ ಕೊರೆವ ಚಳಿಗಾಲದಲ್ಲಿ ಆ ಬೆಟ್ಟದೂರಿನ ಯಾವ ಹೆಂಗಸಿನ ಕಾಲಾದರೂ ಹೀಗೆಯೇ. ಅವಳು ಬೆರಳಿಗೆ ಹಚ್ಚಲು ಲಾಮಾ ಪ್ರಾಣಿಯ ಕೊಬ್ಬನ್ನು ಒಲೆಗೆ ಹಿಡಿದು ಕರಗಿಸತೊಡಗಿದಳು. "ಲಾ ಪಾಸ್ ಪೇಟೇಲಿ ಬೂಟು ಹಾಕ್ಕೊಂಡು ಮೆರೆದ್ರೆ ಇನ್ನೇನಾಗುತ್ತೆ? ನಾನಿಲ್ದಾಗ ನಾಲ್ಕು ಗಡ್ಡೆ ತುಳಿಯೋಷ್ಟರಲ್ಲಿ ಊದ್ಕೊಂತು ನೋಡು."

"ನಾನೆಲ್ಲಮ್ಮ ತುಳಿದೆ?" ಅಂದಳು ಯೋಲಾ. "ಬಂದಾಗಿಂದ ಒಲೆ ಮುಂದೇನೇ ಇದ್ದೀನಿ. ತುಳಿಯೋಳು ನೀನು, ಅಪ್ಪಂಗೆ ಬಡಿಸೋಳು ನಾನು. ನೀನು ಹೊಲದಲ್ಲಿದ್ದಾಗ ನರ್ಸಮ್ಮ ಬಂದಿದ್ಲು. ಪೇಟೇಲಿ ಕೊರೋನಾ ಬಂದ ಕೆಲವರಿಗೆ ಬೆರಳು ಹೀಗೇ ಆಗಿದೆಯಂತೆ, ಕೆಮ್ಮೂ ಇರಲ್ವಂತೆ. ಅದರಿಂದ್ಲೇ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ, ಆದ್ರೂ ಅಪ್ಪನ ಹತ್ರ ಹೋಗ್ಬೇಡ ಅಂದ್ಲು."

ಕೊಬ್ಬು ಹಿಡಿದ ಕೈ ಅಲ್ಲೇ ನಿಂತಿತು. ಗಣಿಯ ಧೂಳು ಕುಡಿದು ಎದೆ ಸವೆಸಿಕೊಂಡಿದ್ದ ಗಂಡ ಫೆರ್ಮಿನ್ ಒಳಕೋಣೆಯಿಂದ, "ತಾಯಿ ಮಗಳ ಪುರಾಣ ಮುಗೀತೇನ್ರೇ? ಹಸಿವಾಗ್ತಿದೆ," ಎಂದು ಕೂಗಿದ.

"ನೀನೇ ಕೊಡಮ್ಮ," ಎಂದು ಯೋಲಾ ಗಂಜಿಯ ಬಟ್ಟಲನ್ನು ತಾಯಿಯತ್ತ ಸರಿಸಿದಳು. ಸಾತುರ್ನಿನಾ ಅದನ್ನೆತ್ತಿಕೊಂಡು ಕೋಣೆಯ ಹೊಸಿಲವರೆಗೆ ಹೋದವಳು, ಬಗ್ಗಿ ತನ್ನ ಕಾಲು ನೋಡಿಕೊಂಡಳು. ಅವೂ ನೇರಳೆ. ಪ್ರತಿ ವರ್ಷವೂ ನೇರಳೆಯೇ. ಆದರೆ ಈ ವರ್ಷ ಅವಳು ಮಗಳ ಕಂಬಳಿಯಲ್ಲೇ ಮಲಗಿದ್ದಳು. ಇದು ಹಿಮದ್ದೋ, ರೋಗದ್ದೋ, ಯಾರನ್ನು ಕೇಳುವುದು? ಬಟ್ಟಲನ್ನು ಹೊಸಿಲ ಒಳಗಿಟ್ಟು ಹಿಂದೆ ಸರಿದಳು.

"ಇವತ್ತು ನೀನೇ ಎದ್ದು ಬಂದು ತಗೋ, ಮುದುಕಾ," ಎಂದು ಹೊರಗೇ ಕೂತಳು.